ಬೋಣಿಯ ಕೈ ಓಬುಳೇಸು

ಓಬುಳೇಸುವಿನ ಬಲಗೈ ಉಗುರಿಗೆ ಸದಾ ಅರಿಶಿನ. ಕೆಲಸ ಕಂಡ ಕೈಯಲ್ಲ ಅದು, ಮದುವೆ ಹೆಣ್ಣಿನ ಕೈಯಷ್ಟು ಮೆತ್ತಗೆ. ಹಿಂದೂಪುರದ ಮಾರ್ಕೆಟ್ಟಿನ ಹೆಂಗಸರು ಅದನ್ನು ಲಕ್ಷ್ಮಿ ಕೈ ಎಂದು ನಂಬಿದ್ದರು. ದಿನದ ಮೊದಲ ವ್ಯಾಪಾರ, ಬೋಣಿ, ಅವನಿಂದಲೇ ಆಗಬೇಕು. ಅಲ್ಲಿಯವರೆಗೆ ಗಿರಾಕಿ ಬಂದು ನಿಂತರೂ ಕೊಡರು.

ಬೆಳಕು ಹರಿಯುವ ಮುಂಚೆ ಬರುತ್ತಿದ್ದ. ಬುಟ್ಟಿ ಮುಟ್ಟಿ ಕಣ್ಣಿಗೊತ್ತಿಕೊಂಡು, ಒಂದು ರೂಪಾಯಿ ಬಿಲ್ಲೆ ಎಸೆದು, ಇದ್ದುದರಲ್ಲಿ ಒಳ್ಳೆಯದನ್ನು ಚೀಲಕ್ಕೆ ಇಳಿಸುತ್ತಿದ್ದ. "ಮಂಚಿದಮ್ಮಾ, ಒಳ್ಳೇದಾಯ್ತದೆ, ಇವತ್ತು ಬುಟ್ಟಿ ಖಾಲಿ ಮಾಡ್ಕೊಂಡು ಹೋಯ್ತೀಯ ನೋಡು." ಎಲ್ಲರಿಗೂ ಅದೇ ಮಾತು. ತುಂಬಿದ ಚೀಲವನ್ನು ಬಸ್ ಸ್ಟ್ಯಾಂಡ್ ಪಕ್ಕದ ಹೋಟೆಲಿಗೆ ಮಾರುತ್ತಿದ್ದ. ಇದು ಎಲ್ಲರಿಗೂ ಗೊತ್ತು. ಕೇಳಿದರೆ, "ದೇವ್ರಿಗೆ ಹುಂಡಿ ಇಲ್ವೇನಕ್ಕ, ಹಂಗೇಯ" ಎನ್ನುವರು. ಬುದ್ಧಿಯನ್ನೂ ಬುಟ್ಟಿಯ ಜೊತೆ ಮಾರಿಕೊಂಡವರು.

ಒಂದು ದಿನ ಹೊತ್ತು ಮೀರಿದರೂ ಅವನು ಬರಲಿಲ್ಲ. ನಾನು ಲೇಪಾಕ್ಷಿ ಕಡೆಯಿಂದ ಮೊದಲ ಆಟೋದಲ್ಲಿ ಸೀತಾಫಲ ತಂದಿದ್ದೆ. ಮುಟ್ಟಿದರೆ ಮೆತ್ತಗಾಗಿದ್ದ ಹಣ್ಣು, ಬಿಸಿಲು ಬಿದ್ದರೆ ಒಡೆದು ನೊಣದ ಪಾಲು. ಗಾಡಿಯವನೊಬ್ಬ ಸಾಲಿನ ಬುಟ್ಟಿಗಳನ್ನೆಲ್ಲ ಒಟ್ಟಿಗೆ ಕೊಳ್ಳುತ್ತೇನೆಂದ. ಪಕ್ಕದಲ್ಲಿ ಸೀತಾಫಲ ಇಟ್ಟಿದ್ದ ನರಸಮ್ಮ, "ಇರಪ್ಪಾ, ಓಬುಳೇಸಣ್ಣ ಬರ್ಲಿ" ಎಂದಳು. ಗಾಡಿಯವನು ಇಂಜಿನ್ ಶುರು ಮಾಡಿದ.

"ಆ ಸೋಂಬೇರಿ ಮಲ್ಕೊಂಡವ್ನೆ ಕಣೇ! ಅವ್ನು ಎದ್ದು ಮುಖ ತೊಳ್ಯೋಗಂಟ ಹಣ್ಣು ಕಾಯ್ತಾವಾ?" ಎಂದು ನನ್ನ ಬುಟ್ಟಿ ಎತ್ತಿ ಗಾಡಿಗೆ ಇಟ್ಟೆ. ಕೆಲವರು ಹಿಂದೆಯೇ ಬಂದರು. ನರಸಮ್ಮ ಕುಳಿತೇ ಇದ್ದಳು.

ಓಬುಳೇಸು ಬಂದಾಗ ಬಿಸಿಲೇರಿ ಅವಳ ಹಣ್ಣು ಬಾಯಿ ಬಿಟ್ಟಿದ್ದವು. ಅದರಲ್ಲೂ ಗಟ್ಟಿ ಇದ್ದ ಎರಡನ್ನು ಆರಿಸಿಕೊಂಡು ಹೇಳಿದ: "ನೋಡ್ದ್ಯಾ? ಆಯಮ್ಮ ಮುಂಡೆ ಕೈಲಿ ಬೋಣಿ ಮಾಡಿ ನಿನ್ ವ್ಯಾಪಾರ ಕೆಡಿಸ್ಬುಟ್ಲು."

"ಹ್ಞೂ ಕಣಣ್ಣ" ಎಂದಳು ಆ ದಡ್ಡಿ.

"ಗಂಡ ಸತ್ರೂ ನಂದು ದುಡಿಯೋ ಕೈ ಕಣ್ಲಾ. ನಿಂದು ಬರೀ ಎತ್ತೋ ಕೈ" ಎಂದೆ.

ಆಮೇಲೆ ಒಬ್ಬೊಬ್ಬರೇ ಅವನಿಗೆ ಕಾಯದೆ ಮಾರತೊಡಗಿದರು. ಚೀಲ ತುಂಬದಾಯಿತು, ಅವನೂ ಕಾಣೆಯಾದ. ಪೀಡೆ ತೊಲಗಿತು ಅಂದುಕೊಂಡೆ.

ಕೊನೆಯ ಸಲ ಅವನನ್ನು ಕಂಡಿದ್ದು ಹೋದ ವರ್ಷ, ಕಲ್ಯಾಣದುರ್ಗದಲ್ಲಿ. ಮಗಳ ಮನೆಗೆ ಹೋದವಳು ಬೆಳಿಗ್ಗೆಯೇ ಬದನೆಕಾಯಿಗೆಂದು ಮಾರ್ಕೆಟ್ಟಿಗೆ ಹೋದರೆ, ಮಾರುವವಳು "ಇರಮ್ಮಾ, ಬೋಣಿಗೆ ಸ್ವಾಮಿ ಬರ್ಬೇಕು" ಎಂದಳು. ಸ್ವಾಮಿ ಬಂದ. ಹಣೆಗೆ ಅಗಲ ಕುಂಕುಮ, ಹೆಗಲಿಗೆ ಕೆಂಪು ವಸ್ತ್ರ. ನಮ್ಮ ಓಬುಳೇಸು! ನನ್ನನ್ನು ಕಂಡು ಅವನ ಮುಖ ಇಳಿಯಿತು. ಬಗ್ಗಿ, "ಅಕ್ಕಾ, ಇಲ್ಲಿ ಬಾಯ್ ಬಿಡ್ಬೇಡ ಕಣಕ್ಕ" ಎಂದು ಪಿಸುಗುಟ್ಟಿ, ಅವಳ ಬುಟ್ಟಿಯಿಂದಲೇ ಎಳೆ ಬದನೆಕಾಯಿ ಬಾಚಿ ನನ್ನ ಚೀಲಕ್ಕೆ ಹಾಕಿದ. ಲಂಚವನ್ನೂ ತನ್ನ ಗಂಟಿನಿಂದ ಕೊಡದ ಗಂಡಸು.

ಚೀಲವನ್ನು ಅವಳ ಬುಟ್ಟಿಗೇ ಬೋರಲು ಹಾಕಿದೆ. ಅವಳು ಎದೆ ಬಡಿದುಕೊಂಡು ಎದ್ದಳು.

"ಅಯ್ಯಯ್ಯೋ! ಬೋಣಿ ಹೊತ್ನಾಗೆ ಕಾಯಿ ವಾಪಸ್ ಹಾಕ್ತೀಯಾ? ನನ್ ದಿನಾನೇ ಹಾಳ್ಮಾಡ್ಬುಟ್ಯಲ್ಲೇ!"

"ಇವ್ನು ದಿನಾ ನಿನ್ನ ತಿಂತವ್ನೆ ಕಣಮ್ಮ" ಎಂದೆ. ಯಾರು ಕೇಳುತ್ತಾರೆ? ಸಾಲಿಗೆ ಸಾಲೇ ಎದ್ದು ನನ್ನ ಮೇಲೆ ಬಿತ್ತು.

ಓಬುಳೇಸು ಎರಡೂ ಕೈ ಎತ್ತಿದ. "ಪೋನೀಲೇಮ್ಮಾ, ಹೋಗ್ಲಿ ಬುಡಿ, ಪಾಪ. ವಯಸ್ಸಾಗೈತೆ, ಆಯಮ್ಮಂಗೆ ತಿಳೀದು."

ಅವನ ಮಾತಿಗೆ ಬೆಲೆ ಕೊಟ್ಟು ನನ್ನನ್ನು ಬಿಟ್ಟರು.