ಕೋರೆಯ ಸೀಟಿ ಊದಿದಾಗ

ನಿಮ್ಮಪ್ಪ ಚಿಕ್ಕವನಿದ್ದಾಗ ನಾನು ಪಾಂಡವಪುರದ ಹತ್ತಿರ ನಮ್ಮೂರಿನ ಅಂಗನವಾಡಿಯಲ್ಲಿ ಅಡುಗೆ ಮಾಡುತ್ತಿದ್ದೆ. ಸಹಿ ಹಾಕುವಷ್ಟು ಓದು ಬರುತ್ತಿತ್ತು. ಉಪ್ಪಿಟ್ಟು ಕೆದಕಲು ಅಷ್ಟು ಸಾಕು.

ಊರಾಚೆ ಕಲ್ಲುಕೋರೆ ಇತ್ತು. ದಿನಾ ಮಧ್ಯಾಹ್ನ ಸೀಟಿ ಊದಿ, ಆಮೇಲೆ ಬಂಡೆ ಸಿಡಿಸುತ್ತಿದ್ದರು. ಲಂಕೆಯ ಯುದ್ಧದಿಂದ ಓಡಿಬಂದ ಒಬ್ಬ ತಮಿಳು ಹೆಂಗಸು ಅಲ್ಲಿ ಜಲ್ಲಿ ಒಡೆಯಲು ಸೇರಿದಳು. ಪುಟ್ಟ ಮಗಳನ್ನು ನಮ್ಮಲ್ಲಿ ಬಿಟ್ಟಳು. ಆ ಮಗು ಮಾತಾಡುತ್ತಿರಲಿಲ್ಲ. ಸೀಟಿ ಕೇಳಿದ ಕೂಡಲೇ ಬೋರಲು ಮಲಗಿ, ಕಿವಿ ಮುಚ್ಚಿ, ಬಾಯಿ ತೆರೆಯುತ್ತಿತ್ತು. ಕೆಲವೇ ದಿನಕ್ಕೆ ಎಲ್ಲ ಮಕ್ಕಳೂ ಹಾಗೇ ಮಾಡತೊಡಗಿದವು. ನಿಮ್ಮಪ್ಪನೂ ಅಷ್ಟೇ. ಸದ್ದು ಮುಗಿದರೂ ಏಳುತ್ತಿರಲಿಲ್ಲ. ಎತ್ತಿದರೆ ಕೈಕಾಲು ಜೋಲಾಡುತ್ತಿದ್ದವು. ಕಣ್ಣು ಮಾತ್ರ ತೆರೆದೇ ಇರುತ್ತಿದ್ದವು.

ನಮ್ಮತ್ತೆ ಇದನ್ನು ಕಂಡು ಬಾಗಿಲಲ್ಲೇ ಕೂಗಾಡಿದರು. "ಆ ಮಗೀಗೆ ಗಾಳಿ ಮೆಟ್ಕಂಡದೆ ಕಣೇ! ಅದು ನಾಳಿಕ್ಕೂ ಬಂದ್ರೆ ಊರಿನ್ ಒಂದ್ ಮಗಾನೂ ಬರಾಕಿಲ್ಲ. ನಿನ್ ಉಪ್ಪಿಟ್ಟ ನೀನೇ ತಿನ್ಕೊ."

ಟೀಚರಮ್ಮ ಮಾತ್ರ, "ಮಗೂನ ಕಳಿಸೋಕೆ ಮುಂಚೆ ಅವರಮ್ಮನ್ನ ಕರೆಸೋಣ. ಅವಳಿಗೆ ಗೊತ್ತಿರೋದು ನಮಗೆಲ್ಲಿ ಗೊತ್ತು?" ಅಂದರು.

ಮರುದಿನ ಅವಳು ಬಂದಳು. ತಲೆಯೆಲ್ಲ ಕಲ್ಲಿನ ಪುಡಿ. ಹೊಸ್ತಿಲ ಆಚೆಯೇ ನಿಂತು, "ಮಗು ತಳ್ಳಬೇಡಮ್ಮ," ಅಂದಳು.

"ಬಾರಮ್ಮಿ ಒಳಕ್ಕೆ. ಬಾಗ್ಲಲ್ಲಿ ನಿಂತ್ಕಂಡ್ರೆ ಬೆಳಕೇ ಬೀಳಾಕಿಲ್ಲ," ಅಂದೆ.

ಅಷ್ಟರಲ್ಲಿ ಸೀಟಿ ಊದಿತು. ಮಕ್ಕಳು ಮಲಗಿದವು. ಅವಳೂ ಮಲಗಿದಳು. ಬಂಡೆ ಸಿಡಿದು ಸೂರಿನಿಂದ ಮಣ್ಣುದುರಿತು. ಆಮೇಲೆ ಎಂಥಾ ನಿಶ್ಶಬ್ದ ಅಂದರೆ, ಒಲೆಯ ಕೆಂಡ ಚಿಟಗುಟ್ಟುವುದು ಕೇಳುತ್ತಿತ್ತು. ಅವಳು ಮೆಲ್ಲಗೆ ಎದ್ದು ಒಂದೊಂದೇ ಮಗುವಿನ ತಲೆ ಮುಟ್ಟಿ ಏನೋ ಗುನುಗಿದಳು. ಮುಟ್ಟಿದ ಮಗು ಎದ್ದು ಕೂರುತ್ತಿತ್ತು, ನಿದ್ದೆಯಿಂದ ಎದ್ದ ಹಾಗೆ. ಕೊನೆಗೆ ತನ್ನ ಮಗಳನ್ನು ಮುಟ್ಟಿದಳು. ಅದರ ಪಕ್ಕದ ಬರೀ ನೆಲವನ್ನೂ ಮುಟ್ಟಿ ಗುನುಗಿ, ಕಾದಳು.

ಅಲ್ಲಿ ಯಾರೂ ಏಳಲಿಲ್ಲ.

ನೋಡಲು ಬಂದಿದ್ದ ಅತ್ತೆ ಬಾಗಿಲಲ್ಲೇ ಕೂತಿದ್ದರು. "ಮಕ್ಳೆಷ್ಟಮ್ಮಿ ನಿಂಗೆ?"

ಅವಳು ಎರಡು ಬೆರಳು ತೋರಿಸಿದಳು.

ಅತ್ತೆ ಎದ್ದು ಬಂದು ಅವಳ ತಲೆಯ ಕಲ್ಲಿನ ಪುಡಿ ಕೊಡವಿದರು. ಆಮೇಲೆ, "ನಾಳಿಕ್ಕೂ ಬಾ. ಸೀಟಿ ಊದಾಕೆ ಮುಂಚೇನೇ ಬಂದ್ಬುಡು," ಅಂದರು.

ಅವಳು ದಿನಾ ಬಂದಳು. ಮಗು ನಮ್ಮಲ್ಲೇ ಉಳಿಯಿತು.

ನಿಮ್ಮ ಶಾಲೆಗೆ ದೊಡ್ಡ ಗೇಟಿದೆ, ಅಮ್ಮಂದಿರೆಲ್ಲ ಆಚೆ. ಒಳಗೆ ಒಬ್ಬೊಬ್ಬರಿಗೂ ಒಂದು ಕುರ್ಚಿ, ಒಂದೂ ಮಿಗುವುದಿಲ್ಲ. ನಮ್ಮಲ್ಲಿ ಒಂದೇ ಚಾಪೆ, ಮಕ್ಕಳು ಒತ್ತೊತ್ತಿಗೆ ಕೂರುತ್ತಿದ್ದವು. ಆದರೂ ಆ ಮಗುವಿನ ಪಕ್ಕ ಒಂದು ಮಗು ಹಿಡಿಯುವಷ್ಟು ಜಾಗ ಬಿಡುತ್ತಿದ್ದವು. ಬಿಡಿ ಎಂದು ನಾವ್ಯಾರೂ ಹೇಳಿರಲಿಲ್ಲ.