ಒಂದು ಮೊಳ ಆಳದ ಲಕ್ಷ್ಮಿ

ಇಲ್ಲಿ ಡೆಟ್ರಾಯಿಟ್ ಬಳಿಯ ಕ್ಯಾಂಟನ್‌ನಲ್ಲಿ, ಪಕ್ಕದ ಬೀದಿಯ ಗರಾಜ್ ಸೇಲಿನಲ್ಲಿ, ಹಳೆಯ ಮೆಟಲ್ ಡಿಟೆಕ್ಟರ್ ಒಂದು ಕಂಡಿತು. ಹೆಡ್‌ಫೋನಿನ ಸ್ಪಂಜು ಪುಡಿಯಾಗಿ ಕೈಗೆ ಅಂಟಿತು. ಬೆವರು, ಒದ್ದೆ ಮಣ್ಣು ಬೆರೆತ ಅದೇ ವಾಸನೆ... ಈ ಮೊದಲು ಲಿಸ್ಲ್‌ನಲ್ಲಿದ್ದಾಗ ಪಕ್ಕದ ಮನೆಯ ಅಂಕಲ್ ಬಳಿಯೂ ಇಂಥದ್ದೇ ಇತ್ತು. ಬೇಡವೆಂದುಕೊಂಡೇ ತಂದುಬಿಟ್ಟೆ.

ಅಂಕಲ್ ಧಾರವಾಡದ ಕಡೆಯವರು, ರಿಟೈರ್ ಆದ ಇಂಜಿನಿಯರ್. ಬೇಸಿಗೆ ಬಂತೆಂದರೆ ಆ ಯಂತ್ರ ಹಿಡಿದು ಪಾರ್ಕು ಸುತ್ತುತ್ತಿದ್ದರು. ಸಿಗುತ್ತಿದ್ದುದು ಬಾಟಲಿ ಮುಚ್ಚಳ, ಚಿಲ್ಲರೆ ಕಾಸು. ಆದರೂ ಪ್ರತಿ ಸಲ ತಂದು ತೋರಿಸುತ್ತಿದ್ದರು. ಆ ಖುಷಿ ನನಗೂ ಇಷ್ಟವಾಗುತ್ತಿತ್ತು, ಸುಳ್ಳೇಕೆ ಹೇಳಲಿ.

ಲಿಸ್ಲ್‌ನ ನಮ್ಮ ಮನೆ ಕಟ್ಟಿಸುವಾಗ ಭೂಮಿಪೂಜೆಗೆಂದು ಅಮ್ಮ ಮೈಸೂರಿನಿಂದ ಬಂದಿದ್ದಳು. ತನ್ನ ದೇವರ ತಟ್ಟೆಯಲ್ಲಿದ್ದ ಲಕ್ಷ್ಮಿಯ ಬೆಳ್ಳಿ ನಾಣ್ಯವನ್ನು ಈಶಾನ್ಯ ಮೂಲೆಯಲ್ಲಿ ತಾನೇ ಹೂತಳು. ಪುರೋಹಿತರು ಒಂದು ಮೊಳ ಆಳ ಎಂದಿದ್ದರು. ಅಮ್ಮ ಮಂಡಿಯೂರಿ, ಕೈಯನ್ನು ಮೊಳಕೈವರೆಗೂ ಗುಂಡಿಗೆ ಇಳಿಸಿ ಅಳೆದಳು. ಆಮೇಲೆ ಬಿಲ್ಡರ್ ಅದರ ಮೇಲೆ ಇನ್ನಷ್ಟು ಮಣ್ಣು ಸುರಿದು ಹುಲ್ಲು ಹಾಸಿದ.

ಕೆಲವು ವರ್ಷಗಳಲ್ಲಿ ಅಮ್ಮ ತೀರಿಹೋದಳು. ಒಡವೆಯೆಲ್ಲ ಅತ್ತಿಗೆಯರ ಪಾಲಾಯಿತು. ಗಂಡನ ಕೆಲಸ ಡೆಟ್ರಾಯಿಟ್ ಕಡೆಗೆ ಬದಲಾಗಿ ಮನೆ ಮಾರಬೇಕಾಗಿ ಬಂದಾಗ, ಅಮ್ಮನದೆಂದು ಉಳಿದದ್ದು ಆ ನಾಣ್ಯ ಒಂದೇ. ಅದನ್ನು ಬಿಟ್ಟು ಹೇಗೆ ಹೋಗಲಿ ಎಂದು ಅಂಕಲ್ ಮುಂದೆ ಅತ್ತುಬಿಟ್ಟೆ.

"ಅಳಬ್ಯಾಡ ತಂಗಿ. ನನ್ನ ಮಷೀನ್ ಐತಿ, ಹುಡುಕೂಣು. ನಾಣ್ಯದ ಮ್ಯಾಲ ಏನಿತ್ತು?"

ಇಡೀ ಮೂಲೆಯನ್ನು ಅಗೆಯೋಣವೆಂದು ಗಂಡ ಗುದ್ದಲಿ ತೆಗೆದಿದ್ದರು. ಹುಲ್ಲು ಹಾಳಾದರೆ ಮನೆ ಕೊಳ್ಳುವವರು ತಕರಾರು ತೆಗೆಯುತ್ತಾರೆ ಎಂದು ಅಂಕಲ್ಲೇ ತಡೆದರು. ಕೆಲವು ಸಂಜೆ ಯಂತ್ರ ಹಿಡಿದು ಅಲ್ಲೇ ಓಡಾಡಿದರು. ಒಂದು ಸಂಜೆ, ನಾನು ಪಾತ್ರೆ ಪ್ಯಾಕ್ ಮಾಡುತ್ತಿದ್ದಾಗ, ಹಿತ್ತಲಿನಿಂದ ಕೂಗಿದರು. "ಸಿಕ್ತು ನೋಡ ತಂಗಿ!" ಕಪ್ಪಿಟ್ಟ ಲಕ್ಷ್ಮಿ, ಅಂಚಿಗೆಲ್ಲ ಮಣ್ಣು. ಕಣ್ಣಿಗೊತ್ತಿಕೊಂಡೆ. ಅಂದಿನಿಂದ ಅದು ನನ್ನ ದೇವರ ತಟ್ಟೆಯಲ್ಲಿದೆ.

ಮೊನ್ನೆ ತಂದ ಯಂತ್ರವನ್ನು ಆ ನಾಣ್ಯದಿಂದಲೇ ಪರೀಕ್ಷಿಸಿದೆ. ಹುಲ್ಲಿನ ಮೇಲಿಟ್ಟರೆ ಕಿರುಚಿತು. ನಾಲ್ಕು ಬೆರಳು ಆಳದಲ್ಲಿ ಹೂತರೂ ಕೂಗಿತು. ಒಂದು ಗೇಣಿನ ಹತ್ತಿರ ಗುಂಯ್ ಅಂದಿತೋ ಇಲ್ಲವೋ. ಅದಕ್ಕೂ ಕೆಳಗೆ ಸದ್ದೇ ಇಲ್ಲ.

"ಇಂಥ ಮಷೀನ್‌ಗೆ ಅಷ್ಟೇ ಕಣೇ," ಅಂದರು ಗಂಡ, ಫೋನಿನಲ್ಲಿ ಓದುತ್ತ. "ಕಾಯಿನ್ ಆದ್ರೆ ಎಂಟು ಇಂಚು, ಮಣ್ಣು ಚೆನ್ನಾಗಿದ್ರೆ ಹತ್ತು. ದೊಡ್ಡ ಪೆಟ್ಟಿಗೆ ಗಿಟ್ಟಿಗೆ ಆದ್ರೆ ಇನ್ನೂ ಆಳ."

ಒಂದು ಮೊಳವೆಂದರೆ ಎರಡು ಗೇಣು. ಅದರ ಮೇಲೆ ಬಿಲ್ಡರ್ ಸುರಿದ ಮಣ್ಣು ಬೇರೆ...

ಅಂಕಲ್ ಈಗಿಲ್ಲ. ಅವರ ಹೆಂಡತಿ, ಆಂಟಿಗೆ ಫೋನ್ ಮಾಡಿ ಕೇಳಿದೆ.

"ನೀ ಅಳೂದು ಅವರಿಗೆ ನೋಡಾಕ ಆಗ್ಲಿಲ್ಲ ತಂಗಿ. ಅದು ನಮ್ಮ ಮನ್ಯಾಗಿನ ನಾಣ್ಯ. ಅಷ್ಟು ಆಳದಾಗಿಂದು ಮಷೀನಿಗೆ ಸಿಗಂಗಿಲ್ಲ ಅಂತ ಅವರಿಗೆ ಮೊದಲ ಗೊತ್ತಿತ್ತು."

ಗೊತ್ತಿತ್ತು! ಹಾಗಿದ್ದರೆ ಹೇಳಬಾರದಿತ್ತೇ? ಮನೆ ಆಗಿನ್ನೂ ನಮ್ಮದು, ಗುದ್ದಲಿ ಗರಾಜಿನಲ್ಲೇ ಇತ್ತು. ಈಗ ಹೊಸಬರು ಆ ಮೂಲೆಗೆ ಕಾಂಕ್ರೀಟ್ ಹಾಕಿ ಅಡುಗೆಯ ಗ್ರಿಲ್ ಒಲೆ ಇಟ್ಟಿದ್ದಾರಂತೆ. ಅದನ್ನೂ ಆಂಟಿಯೇ ಹೇಳಿದರು. ಅಮ್ಮನ ಲಕ್ಷ್ಮಿಯ ನೆತ್ತಿಯ ಮೇಲೆ ಯಾರೋ ಬರ್ಗರ್ ಸುಡುತ್ತಾರೆ. ನನ್ನ ಒಳ್ಳೆಯದಕ್ಕೆಂದೇ ನನಗೆ ಮೋಸ ಮಾಡಿ, ಜಗಳವಾಡೋಣವೆಂದರೆ ಕೈಗೂ ಸಿಗದೆ ಹೋದರು.

ಶುಕ್ರವಾರ ಆ ನಾಣ್ಯಕ್ಕೆ ಕುಂಕುಮವಿಡಲು ಬೆರಳು ಚಾಚಿದೆ. ಅಮ್ಮ ನೆನಪಾಗಲಿಲ್ಲ. ಅಂಕಲ್ ನೆನಪಾದರು.