ದೀಪದ ಗೋಪುರದ ದೊರೆಯೂ ನಮ್ಮ ಸ್ಟೋರಿನ ಬೀಗವೂ

ಕೆಟ್ಟವನು ಕೊನೆಯಲ್ಲಿ ಒಳ್ಳೆಯವನಾಗುವ ಕಥೆ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಮಕ್ಕಳ ಕಾರ್ಟೂನಾದರೂ ಸರಿ, ದೊಡ್ಡವರ ಸಿನಿಮಾ ಆದರೂ ಸರಿ. ಕಥೆಯುದ್ದಕ್ಕೂ ಎಲ್ಲರ ಜೀವ ಹಿಂಡುವುದು, ಕೊನೆಗೆ ಎರಡು ಹನಿ ಕಣ್ಣೀರು ಹಾಕಿಬಿಡುವುದು. ಆಯಿತಲ್ಲ, ಮೇಲಿಂದ ಹೂವು ಉದುರುತ್ತದೆ, ಹಿಂದೆ ಯಾರೋ ಕೊಳಲು ಊದುತ್ತಾರೆ. ಹೋಗಲಿ ಬಿಡು ಅನ್ನಲು ನನ್ನಿಂದ ಆಗುವುದಿಲ್ಲ. ಯಾಕೆ ಎಂದು ಹೇಳಬೇಕಾದರೆ ಹೊಂಗಡಹಳ್ಳದ ಕಡೆಯ ನಮ್ಮ ಮನೆಯ ಟಿವಿಯಿಂದಲೇ ಶುರು ಮಾಡಬೇಕು.

ನಮ್ಮದು ದೊಡ್ಡ ಎಸ್ಟೇಟ್ ಅಲ್ಲ. ಬಿಸಿಲೆಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ, ಇಳಿಜಾರಿನಲ್ಲಿ ಒಂದಿಷ್ಟು ಕಾಫಿ, ಮರಗಳಿಗೆ ಹಬ್ಬಿಸಿದ ಮೆಣಸು, ಕೆಳಗೆ ಗದ್ದೆ. ಮನೆಯಲ್ಲಿ ತಾತ, ಅಪ್ಪ, ಅಮ್ಮ, ನಾನು, ಮತ್ತು ನನ್ನ ಅತ್ತೆ, ಅಂದರೆ ಅಪ್ಪನ ತಂಗಿ. ಅಜ್ಜಿ ನಾನು ಹುಟ್ಟುವ ಮೊದಲೇ ತೀರಿಹೋಗಿದ್ದರು. ತಾತನನ್ನು ಇಲ್ಲಿ 'ಅವರು' ಎಂದೇ ಬರೆಯುತ್ತೇನೆ. ಮರ್ಯಾದೆಗಲ್ಲ, ಅಭ್ಯಾಸಕ್ಕೆ.

ತಾತ ಮೊದಲಿಂದಲೂ ಕೆಟ್ಟವರಾಗಿರಲಿಲ್ಲವಂತೆ. ತಾನು ಮದುವೆಯಾಗಿ ಬಂದ ಹೊಸದರಲ್ಲಿ ಮಾವನವರು ಆಳುಗಳ ಜೊತೆ ತಾವೂ ಮಂಕರಿ ಹೊರುತ್ತಿದ್ದರು, ಇನ್ನೊಂದು ತುತ್ತು ಅನ್ನ ಬಡಿಸು ಅನ್ನುವುದಕ್ಕೂ ನಾಚುತ್ತಿದ್ದರು ಎಂದು ಅಮ್ಮ ಹೇಳುತ್ತಿದ್ದರು. ತೊಂಬತ್ತರ ದಶಕದ ನಡುವೆ, ಕಾಫಿಯನ್ನು ಬೆಳೆದವರೇ ಬೇಕಾದವರಿಗೆ ಮಾರಬಹುದು ಎಂದಾಯಿತು. ಅದೇ ಹೊತ್ತಿಗೆ ರೇಟೂ ಏರಿತು. ರೇಟು ಏರಿದ್ದೇ ತಡ ಕಳ್ಳರೂ ಹುಟ್ಟಿಕೊಂಡರು. ಪಕ್ಕದ ತೋಟದವರ ಕಣದಿಂದ ಒಣಗಿಸಿಟ್ಟ ಕಾಫಿ ಮೂಟೆಗಳು ಮಾಯವಾದಾಗ, ಯಾರೂ ಕೇಳದೆಯೇ, ಅಪ್ಪನೇ ನಮ್ಮ ಸ್ಟೋರಿನ, ಅಂದರೆ ಕಾಫಿ ತುಂಬಿಡುವ ಉಗ್ರಾಣದ, ಬೀಗದ ಕೈ ತಂದು ತಾತನಿಗೆ ಒಪ್ಪಿಸಿದರು.

"ನೀವೇ ಇಟ್ಕಳಿ ಅಪ್ಪಯ್ಯ. ನಿಮ್ಮ ಹತ್ರ ಇದ್ರೆ ನಮಗೂ ಧೈರ್ಯ."

ಅಷ್ಟೇ ಆದದ್ದು. ಮೊದಲು ಕಾಫಿಗೆ ಬೀಗ. ಆಮೇಲೆ ಅಕ್ಕಿಗೆ, ಸಕ್ಕರೆಗೆ, ಸೀಮೆಎಣ್ಣೆಗೆ. ಮಳೆ ಬಂದರೆ ಕಣದ ಕಾಫಿಗೆ ಹೊದಿಸುವ ಟಾರ್ಪಾಲುಗಳೂ, ಗೋಣಿಚೀಲಗಳೂ ಒಳಗೆ ಹೋದವು. ಅಮ್ಮ ಒಂದು ಹಿಡಿ ಬೇಳೆಗೂ ತಾತನ ಕುರ್ಚಿಯ ಮುಂದೆ ಕೈಕಟ್ಟಿ ನಿಲ್ಲಬೇಕು. ಅವರು ಉಡಿದಾರಕ್ಕೆ ಸಿಕ್ಕಿಸಿಕೊಂಡ ಗೊಂಚಲಿನಿಂದ ಒಂದೊಂದೇ ಬೀಗದ ಕೈ ಸರಿಸುತ್ತಾ, ಮೊನ್ನೆ ಕೊಟ್ಟದ್ದು ಏನಾಯಿತು ಎಂದು ಕೇಳುವರು. ಕಳ್ಳರು ಯಾವಾಗಲೋ ಸಿಕ್ಕಿಬಿದ್ದಿದ್ದರು. ಬೀಗ ಮಾತ್ರ ತೆಗೆಯಲಿಲ್ಲ.

ಆಗಿನ ಟಿವಿಗಳಿಗೆ ಮರದ ಶಟರ್ ಬಾಗಿಲು ಇರುತ್ತಿತ್ತು. ನಮ್ಮದಕ್ಕೆ ಆ ಬಾಗಿಲ ಮೇಲೂ ಒಂದು ಬೀಗ. ಭಾನುವಾರ ಬೆಳಿಗ್ಗೆ ತಾತ ಅದನ್ನು ತೆಗೆಯುತ್ತಿದ್ದರು, ಏಕೆಂದರೆ ಹಿಂದಿಯಲ್ಲಿ ಬರುತ್ತಿದ್ದ ಒಂದು ಕಾರ್ಟೂನ್ ಧಾರಾವಾಹಿ ಅವರಿಗೂ ಇಷ್ಟ. ಅತ್ತೆಗೆ ಹಿಂದಿ ಚೆನ್ನಾಗಿ ಬರುತ್ತಿತ್ತು, ಪಕ್ಕದಲ್ಲಿ ಕೂತು ನಮಗೆ ಕನ್ನಡದಲ್ಲಿ ಹೇಳುತ್ತಾ ಹೋಗುವರು. ಹೇಳುವುದು ಅಂದರೆ ಬರೀ ಹೇಳುವುದಲ್ಲ, ಎದ್ದು ನಿಂತು, ದನಿ ಬದಲಿಸಿ, ಗಾಳಿಯ ಸದ್ದನ್ನೂ ತಾವೇ ಮಾಡಿ. ಮೇಷ್ಟ್ರಾಗುವುದಕ್ಕೆಂದೇ ಹುಟ್ಟಿದ ಹೆಂಗಸು ಅದು. ಪಿಯುಸಿ ಮುಗಿಸಿ ಹಾಸನದಲ್ಲಿ ಟಿ.ಸಿ.ಎಚ್. ಎಂಬ ಶಿಕ್ಷಕರ ತರಬೇತಿಯ ಸೀಟಿಗೆ ಕಾಯುತ್ತಿದ್ದರು. ಅವರಿಗೆ ಪ್ರಪಂಚದಲ್ಲಿ ಬೇಕಾಗಿದ್ದದ್ದು ಅದೊಂದೇ.

ಧಾರಾವಾಹಿಯ ಕಥೆ ಹೀಗೆ. ಮೋಡದ ಮೇಲೆ ಒಂದು ಊರು, ಅಲ್ಲಿ ಸೂರ್ಯ ಹುಟ್ಟುವುದಿಲ್ಲ, ಪ್ರತಿ ಮನೆಗೂ ಅದರದೇ ದೀಪ. ಬೀದಿ ದೀಪ ಹಚ್ಚುವ ಒಬ್ಬ ಸಾಧು ಮನುಷ್ಯನಿರುತ್ತಾನೆ. ದೊಡ್ಡ ಬಿರುಗಾಳಿ ಏಳುತ್ತದೆ. ಜನ ತಾವಾಗಿಯೇ ಬಂದು, ಗಾಳಿ ನಿಲ್ಲುವ ತನಕ ನಮ್ಮ ದೀಪಗಳನ್ನು ನಿನ್ನ ಗೋಪುರದಲ್ಲಿ ಕಾಪಾಡು ಎಂದು ಕೊಟ್ಟುಹೋಗುತ್ತಾರೆ. ಗಾಳಿ ನಿಲ್ಲುತ್ತದೆ. ಅವನು ಕೊಡುವುದಿಲ್ಲ. ಬೆಳಕು ಬೇಕಾದವರು ಗೋಪುರದ ಬುಡಕ್ಕೆ ಬಂದು ತಲೆ ಬಾಗಬೇಕು. ವಾರ ಕಳೆದಂತೆ ಅವನಿಗೆ ಕಿರೀಟ ಬಂತು, ಕಪ್ಪು ಗರಿಯ ನಿಲುವಂಗಿ ಬಂತು, ಕಾವಲಿಗೆ ಮೂರು ತಲೆಯ ಹದ್ದು ಬಂತು. ನಮ್ಮ ದೀಪ ನಮಗೆ ಕೊಡು ಎಂದು ಕೇಳಿದ ಒಬ್ಬಳೇ ಒಬ್ಬ ಹುಡುಗಿಯ ಮನೆಗೆ ಇನ್ನೆಂದೂ ಬೆಳಕು ಸಿಗಬಾರದು ಎಂದು ಅಪ್ಪಣೆಯಾಯಿತು. ಅವಳ ತಾಯಿ ಕತ್ತಲಲ್ಲೇ ಸತ್ತಳು.

ನಾನು ಅಳುತ್ತಿದ್ದರೆ ತಾತ ತೊಡೆ ತಟ್ಟಿ ನಗುತ್ತಿದ್ದರು. "ಹಂಗೇ ಇರ್ಬೇಕು ಕಣೆ! ಒಬ್ಬನ ಕೈಯಾಗೆ ಇದ್ರೇ ಉಳಿಯೋದು. ಎಲ್ಲಾರ್ಗೂ ಕೊಟ್ಬುಟ್ರೆ ಗಾಳೀಗೆ ಹೋಗ್ತದೆ." ಖಳನಾಯಕನಿಗೆ ಜೈಕಾರ ಹಾಕುತ್ತಾ ಕಾರ್ಟೂನ್ ನೋಡಿದ ಮುದುಕರನ್ನು ಬೇರೆಲ್ಲೂ ನಾನು ಕಂಡಿಲ್ಲ.

ಆ ವರ್ಷ ಟಿ.ಸಿ.ಎಚ್. ಆಯ್ಕೆ ತಡವಾಗಿ, ಕಾಫಿ ಕೊಯ್ಲಿನ ನಡುವೆ ಆಯಿತು. ಅತ್ತೆಗೆ ಸೀಟು ಸಿಕ್ಕಿತು. ಹೂಂ ಎಂದೂ ಅನ್ನದೆ, ಊಹೂಂ ಎಂದೂ ಅನ್ನದೆ ತಾತ ಸುಮ್ಮನಿದ್ದರು. ಅತ್ತೆ ಟ್ರಂಕು ಒರೆಸಿ ಇಟ್ಟುಕೊಂಡರು. ಅದಾದ ಭಾನುವಾರ ತಾತ ಟಿವಿ ಬಾಗಿಲು ತೆಗೆದುಕೊಟ್ಟು, ರೇಟು ವಿಚಾರಿಸಲು ಆನೇಮಹಲ್ ಕಡೆಗೆ ಹೊರಟುಹೋದರು. ಅಪ್ಪ ಅಮ್ಮ ತೋಟದಲ್ಲಿ ಹಣ್ಣು ಕುಯ್ಯುತ್ತಿದ್ದರು. ಕಣದ ತುಂಬ ಕಾಫಿ ಹರಡಿತ್ತು, ಇನ್ನೇನು ಒಣಗಿದಂತೆಯೇ.

ಜನವರಿಯಲ್ಲಿ ಮಳೆ ಬರುತ್ತದೆಂದು ಯಾರು ಎಣಿಸುತ್ತಾರೆ? ದಪ್ಪ ಹನಿ ಬಿದ್ದ ಸದ್ದಿಗೆ ನಾವಿಬ್ಬರೂ ಹೊರಗೆ ಓಡಿದೆವು. ಟಾರ್ಪಾಲು ಸ್ಟೋರಿನಲ್ಲಿ. ಸ್ಟೋರಿಗೆ ಬೀಗ. ಬೀಗದ ಕೈ ಆನೇಮಹಲ್‌ನಲ್ಲಿ, ತಾತನ ಸೊಂಟದಲ್ಲಿ. ಅತ್ತೆ ಕಲ್ಲು ತಂದು ಬೀಗಕ್ಕೆ ಜಪ್ಪಿದರು, ಅದು ಬಗ್ಗಲಿಲ್ಲ. ಹಾಸಿಗೆಯ ಚಾದರ, ಅಮ್ಮನ ಸೀರೆ, ಕೊನೆಗೆ ಹಾಸನಕ್ಕೆಂದು ಮಡಿಸಿಟ್ಟಿದ್ದ ತಮ್ಮದೇ ಬಟ್ಟೆ, ಕೈಗೆ ಸಿಕ್ಕಿದ್ದನ್ನೆಲ್ಲ ತಂದು ಕಣದ ಮೇಲೆ ಹರಡಿದರು. ಅಪ್ಪ ಅಮ್ಮ ಓಡಿಬಂದು ಮಂಕರಿಯಲ್ಲಿ ತುಂಬಿ ಜಗಲಿಗೆ ಸುರಿದರು. ಅರ್ಧಕ್ಕರ್ಧ ತೊಯ್ದುಹೋಯಿತು.

ತಾತ ಬಂದು ಕಣ ನೋಡಿದರು, ಓಡುತ್ತಲೇ ಇದ್ದ ಟಿವಿ ನೋಡಿದರು.

"ಟಿವಿ ನೋಡ್ತಾ ಕುಂತಿದ್ರೇನೇ?"

"ಮಳೆ ಬಿದ್ದಿದ್ದೇ ಓಡಿಬಂದ್ವಿ ಅಪ್ಪಯ್ಯ," ಅಂದರು ಅತ್ತೆ. "ಟಾರ್ಪಾಲು ಒಳಗಿತ್ತು. ಬೀಗ ನಿಮ್ಮ ಹತ್ರ ಇತ್ತು."

ಆ ಮನೆಯಲ್ಲಿ ಅಲ್ಲಿಯವರೆಗೆ ಯಾರೂ ಆಡದ ಮಾತು ಅದು. ನಿಜವಾದ ಮಾತು. ತಾತನ ಮುಖ ಕಪ್ಪಿಟ್ಟಿತು. "ಹಾಸನದ ಹೆಸ್ರು ಕೇಳಿದ್ದಕ್ಕೇ ಇಷ್ಟು ಬಾಯಿ ಬಂತಾ? ಓದೂ ಬ್ಯಾಡ, ಗೀದೂ ಬ್ಯಾಡ. ಗೇಟು ದಾಟಿದ್ರೆ ನೀನು ನನ್ನ ಪಾಲಿಗೆ ಇಲ್ಲ." ಅಪ್ಪ ಖಾಲಿ ಮಂಕರಿ ಹಿಡಿದು ಅಲ್ಲೇ ನಿಂತಿದ್ದರು. ಟಾರ್ಪಾಲಿಗೆ ಬೀಗ ಹಾಕಿದ್ದು ಯಾರು ಎಂದು ಅವರಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಒಂದು ಮಾತು, ಒಂದೇ ಒಂದು ಮಾತು ಆಡಲಿಲ್ಲ. ಟಿವಿಯ ಶಟರ್ ಬಾಗಿಲು ಅವತ್ತೇ ಮುಚ್ಚಿತು. ಅತ್ತೆಯ ಸೀಟು ಬೇರೆ ಯಾರಿಗೋ ಹೋಯಿತು. ಈಗ ನೆನೆಸಿಕೊಂಡರೂ ನನ್ನ ಹಲ್ಲು ಕಟಕಟ ಅನ್ನುತ್ತದೆ.

ಮುಂದೆ ಅತ್ತೆಗೆ ಗಂಡು ನೋಡಿದರು, ಯಾವುದೂ ಕೂಡಿಬರಲಿಲ್ಲ. ಕಣ, ಕೊಟ್ಟಿಗೆ, ಒಲೆ. ವಯಸ್ಸು ನಡೆಯಿತು.

ತಾತನ ಸಿಂಹಾಸನ ಉರುಳಿದ್ದು ಅವರ ಬೀಗದಿಂದಲೇ. ಕಾಫಿ ರೇಟು ಇಳಿಯತೊಡಗಿದಾಗ ಅಪ್ಪ ಮೆಲ್ಲಗೆ, "ಮಾರಿಬುಡಾನ" ಎಂದರು. "ಏರ್ತದೆ, ಮುಚ್ಕಂಡು ಇರು" ಎಂದು ತಾತ ಇದ್ದಬದ್ದ ಕಾಫಿಯನ್ನೆಲ್ಲ ಸ್ಟೋರಿನಲ್ಲಿ ಒಟ್ಟಿದರು. ಬಿಸಿಲೆ ಕಡೆಯ ಮಳೆಗಾಲ ಗೊತ್ತಿದ್ದವರು ಯಾರೂ ಮಾಡದ ಕೆಲಸ. ಮುಚ್ಚಿದ ಬಾಗಿಲ ಒಳಗೆ ಮೂಟೆಗಳು ಮಳೆಗಾಲದ ಮೇಲೆ ಮಳೆಗಾಲ ತೇವ ಕುಡಿದವು. ಗಾಳಿಯಾಡಿಸಲೆಂದು ಬಾಗಿಲು ತೆಗೆಯಲೂ ಅವರು ಯಾರನ್ನೂ ನಂಬಲಿಲ್ಲ. ಕೊನೆಗೆ ವ್ಯಾಪಾರಿಯೊಬ್ಬನನ್ನು ಕರೆಸಿ ತೆಗೆದರೆ, ಬೂಷ್ಟಿನ ವಾಸನೆ ಅಂಗಳದವರೆಗೆ ಬಂತು. ಅವನು ಒಂದು ಹಿಡಿ ತೆಗೆದು ಮೂಸಿ, ವಾಪಸ್ ಚೀಲಕ್ಕೇ ಹಾಕಿ, "ಇದು ಗೊಬ್ಬರಕ್ಕೇ ಸರಿ ಗೌಡ್ರೆ" ಎಂದು ಕೈ ಒರೆಸಿಕೊಂಡ. ಅದೇ ತಿಂಗಳು ತಾತನಿಗೆ ಲಕ್ವ ಹೊಡೆಯಿತು. ಬಲಗೈ ಬಿತ್ತು, ಬಾಯಿ ಸೊಟ್ಟಗಾಯಿತು.

ಹಾಸಿಗೆ ಹಿಡಿದ ತಾತ ಬದಲಾದರು. ಸುಳ್ಳು ಹೇಳುವುದಿಲ್ಲ, ನಿಜವಾಗಿಯೂ ಬದಲಾದರು. ನೆಂಟರೆಲ್ಲ ಕೂತಿದ್ದಾಗ ಬೀಗದ ಕೈ ಗೊಂಚಲನ್ನು ಅತ್ತೆಯ ಮಡಿಲಿಗೆ ಹಾಕಿ, "ನಿಂಗೆ ಅನ್ಯಾಯ ಮಾಡ್ದೆ ಮಗಾ" ಎಂದು ತೊದಲುತ್ತಾ ಬಿಕ್ಕಿ ಬಿಕ್ಕಿ ಅತ್ತರು. ಎಲ್ಲರೂ ಕಣ್ಣು ಒರೆಸಿಕೊಂಡರು. "ಎಂಥಾ ದೇವ್ರಂಥ ಮನುಷ್ಯ ಆಗ್ಬುಟ್ರು ನೋಡು" ಎಂದು ಊರೆಲ್ಲ ಕೊಂಡಾಡಿತು. ಅತ್ತೆಯ ಕೈತುತ್ತು ಬಿಟ್ಟು ಬೇರೆಯವರದು ಮುಟ್ಟಲಿಲ್ಲ ತಾತ. ಮುಖ ತೊಳೆಯಲೂ ಅತ್ತೆಯೇ ಬೇಕು, ಮಗ್ಗುಲು ತಿರುಗಿಸಲೂ ಅತ್ತೆಯೇ. ಇನ್ನೊಬ್ಬರು ಹತ್ತಿರ ಹೋದರೆ ಮಗುವಿನ ಹಾಗೆ ತುಟಿ ಬಿಗಿದುಕೊಳ್ಳುವರು. ಅದನ್ನು ಎಲ್ಲರೂ ಪ್ರೀತಿ ಎಂದು ಕರೆದರು. ಪ್ರೀತಿಯಂತೆ, ಪ್ರೀತಿ! ಮೊದಲು ಬೈದು ಕಟ್ಟಿಹಾಕಿದ್ದರು, ಈಗ ಅತ್ತು ಕಟ್ಟಿಹಾಕಿದರು, ಅಷ್ಟೇ.

ಅಷ್ಟರಲ್ಲಿ ನಾನು ಸಕಲೇಶಪುರದಲ್ಲಿ ಡಿಗ್ರಿ ಓದುತ್ತಿದ್ದೆ. ಮನೆಗೆ ಡಿಶ್ ಬಂದಿತ್ತು, ಟಿವಿಗೆ ಬಾಗಿಲಿರಲಿಲ್ಲ. ಒಂದು ರಜೆಯ ದಿನ ಯಾವುದೋ ಚಾನೆಲ್‌ನಲ್ಲಿ ಅದೇ ಕಾರ್ಟೂನ್ ಮತ್ತೆ ಬರುತ್ತಿತ್ತು. ನಾನೂ ಅತ್ತೆಯೂ ನೋಡದೆ ಬಿಟ್ಟುಹೋಗಿದ್ದ ಕೊನೆಯ ಕಂತುಗಳು. ತಾತನ ಮಂಚವೂ ಅಲ್ಲೇ, ನಡುಮನೆಯಲ್ಲಿ.

ಒಂದೇ ಕಡೆ ತುಂಬಿಟ್ಟ ದೀಪಗಳ ಕಾವಿಗೆ ಗೋಪುರ ಹೊತ್ತಿ ಉರಿಯಿತು. ದೊರೆಯ ಕಣ್ಣು ಹೋಯಿತು. ನಾನು ಎದ್ದು ಚಪ್ಪಾಳೆ ಹೊಡೆದೆ. ಕಥೆ ಅಲ್ಲಿಗೇ ನಿಲ್ಲಬೇಕಿತ್ತು, ನಿಲ್ಲಲಿಲ್ಲ. ಕುರುಡ ದೊರೆ ಅಳುತ್ತಾನೆ, ಉಳಿದ ದೀಪಗಳನ್ನು ಮನೆಮನೆಗೆ ವಾಪಸ್ ಕೊಡಲು ಹೊರಡುತ್ತಾನೆ. ದಾರಿ ಕಾಣದಲ್ಲ, ಅದಕ್ಕೆ ಕೈ ಹಿಡಿದು ನಡೆಸುವವಳು ಯಾರು? ಅದೇ ಹುಡುಗಿ! ಕತ್ತಲಲ್ಲಿ ತಾಯಿಯನ್ನು ಕಳೆದುಕೊಂಡವಳು. ಅವಳು ಅವನನ್ನು ತಬ್ಬಿಕೊಂಡಳು, ಹೂಮಳೆ ಸುರಿಯಿತು, ಇಬ್ಬರೂ ಮೋಡದ ಮೇಲೆ ದೂರ ದೂರ ನಡೆದುಹೋದರು. ಮುಗಿಯಿತು.

ತಾತನ ಕೆನ್ನೆ ಒದ್ದೆಯಾಗಿತ್ತು. "ನೋಡ್ದಾ ಮಗಾ, ಕ್ಷಮಿಸ್ಬುಟ್ಲು" ಎಂದರು.

ಅತ್ತೆ ಟಿವಿಯನ್ನೇ ನೋಡುತ್ತಿದ್ದರು. "ದೀಪ ಕೊಡ್ಲಿ ಬಿಡಿ, ಕೊಡದೆ ಇಟ್ಕಂಡಿದ್ದು ಅವನೇ ಅಲ್ವಾ," ಅಂದರು. "ಆದ್ರೆ ಆ ಹುಡ್ಗಿ ಯಾಕೆ ಅವನ ಕೈ ಹಿಡ್ಕಂಡು ಊರೂರು ತಿರುಗ್ಬೇಕು? ಅವಳಿಗೆ ಬೇರೆ ಕೆಲ್ಸ ಇಲ್ವಾ?"

ಬಾಯಿ ಮಾತಿಗೆ ಅಂದದ್ದಲ್ಲ ಅದು. ಸಕಲೇಶಪುರದಲ್ಲಿ ಹೊಸದಾಗಿ ಶುರುವಾಗಿದ್ದ ನರ್ಸರಿ ಶಾಲೆಯೊಂದಕ್ಕೆ ಮಕ್ಕಳಿಗೆ ಕಥೆ ಹೇಳಿ ಅಕ್ಷರ ಕಲಿಸುವವರು ಬೇಕಾಗಿದ್ದರು. ನಾನೇ ವಿಚಾರಿಸಿ ಬಂದು ಅತ್ತೆಗೆ ಹೇಳಿದ್ದೆ. ಅವರು ಯಾರಿಗೂ ಹೇಳದೆ ಹೋಗಿ, ಮಕ್ಕಳ ಮುಂದೆ ಒಂದು ಕಥೆ ಹೇಳಿ ತೋರಿಸಿ, ಕೆಲಸ ಗಿಟ್ಟಿಸಿಕೊಂಡು ಬಂದಿದ್ದರು. ಅವತ್ತು ರಾತ್ರಿ ಊಟಕ್ಕೆ ಕೂತಾಗ ತಿಳಿಸಿದರು, ಸೋಮವಾರದಿಂದ ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರುತ್ತೇನೆ ಎಂದು.

ಅಪ್ಪ ಕೈಯಲ್ಲಿದ್ದ ತುತ್ತು ತಟ್ಟೆಗೆ ಬಿಟ್ಟರು. "ಏನ್ ಮಾತು ಅಂತ ಆಡ್ತಿದ್ದೀಯೆ ಮಾರಾಯ್ತಿ? ಮಧ್ಯಾಹ್ನ ಅಪ್ಪಯ್ಯಂಗೆ ಗಂಜಿ ಯಾರು ಕುಡಿಸ್ತಾರೆ? ಅವ್ರು ಇಷ್ಟು ಬದಲಾಗವ್ರೆ, ಎಲ್ಲಾರ ಮುಂದೆ ನಿನ್ನ ಕೈ ಹಿಡ್ಕಂಡು ಅತ್ತವ್ರೆ. ಈಗ ಬುಟ್ಟು ಹೋಗಾಕೆ ನಿಂಗೆ ಮನಸ್ಸಾದ್ರೂ ಹೆಂಗ್ ಬಂತು?"

ನನಗೆ ತಡೆಯಲಾಗಲಿಲ್ಲ. "ಬದಲಾದ್ರೆ ಅವ್ರು ಬದಲಾದ್ರು, ಅದಕ್ಕೆ ದಂಡ ಅತ್ತೆ ಕಟ್ಬೇಕಾ?" ಎಂದು ಕಿರುಚಿದೆ. ಅಮ್ಮ ನನ್ನ ತೊಡೆ ಚಿವುಟಿದರು. ಅತ್ತೆ ನನ್ನ ಕಡೆಯೂ ನೋಡಲಿಲ್ಲ, ಅಣ್ಣನ ಕಡೆಯೂ ನೋಡಲಿಲ್ಲ. ಎದ್ದು ಹೋಗಿ ಮಂಚದ ಪಕ್ಕ ಕೂತರು. ತಾತ ಎಲ್ಲ ಕೇಳಿಸಿಕೊಂಡಿದ್ದರು.

"ಹೋಗ್ಬ್ಯಾಡ ಮಗಾ. ಕ್ಷಮಿಸಿಲ್ವಾ ನನ್ನ?"

"ಕ್ಷಮಿಸಿದೀನಿ ಅಪ್ಪಯ್ಯ. ಯಾವತ್ತೋ ಕ್ಷಮಿಸಿದೀನಿ," ಎಂದರು ಅತ್ತೆ. ದನಿ ಏರಲಿಲ್ಲ, ಅದುರಲೂ ಇಲ್ಲ. "ಅದಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲ. ನಾನು ಸೋಮವಾರ ಹೋಗ್ತೀನಿ."

ಹೋದರು. ಸೋಮವಾರ ಬೆಳಿಗ್ಗೆ ನೀಲಿ ಸೀರೆ ಉಟ್ಟು, ಬುತ್ತಿ ಕಟ್ಟಿಕೊಂಡು, ಅಂಗಳ ದಾಟಿ ಹೋದರು. ನಾನು ಕಾಲೇಜಿಗೆ ಚಕ್ಕರ್ ಹೊಡೆದು ಮನೆಯಲ್ಲೇ ಉಳಿದೆ, ಏನಾಗುತ್ತದೆ ನೋಡಿಯೇಬಿಡೋಣ ಎಂದು. ಮಧ್ಯಾಹ್ನ ಅಪ್ಪ ಗಂಜಿ ಬಟ್ಟಲು ಹಿಡಿದು ಮಂಚದ ಬಳಿ ಕೂತರು. ತಾತ ತುಟಿ ಬಿಗಿದುಕೊಂಡರು. ಅಪ್ಪ ಗೋಗರೆದರು, ಗದ್ದ ಹಿಡಿದರು, ಚಮಚ ತುಟಿಗೆ ತಾಗಿಸಿದರು. ಗಂಜಿ ಕತ್ತಿನ ಮೇಲೆ ಹರಿಯಿತು. "ನೋಡು, ಮುದುಕರ ಪ್ರಾಣ ತೆಗೀತಾಳೆ ಇವಳು" ಎಂದು ಅಪ್ಪ ಬಾಗಿಲ ಕಡೆ ತಿರುಗಿ ಬೈದರು. ಅಮ್ಮ ಎರಡು ಸಲ ಗಂಜಿ ಬಿಸಿ ಮಾಡಿಕೊಟ್ಟರು.

ಹೊತ್ತು ಇಳಿದ ಮೇಲೆ ತಾತನಿಗೆ ಹಸಿವು ತಡೆಯಲಿಲ್ಲ. ಕಣ್ಣು ಮುಚ್ಚಿಕೊಂಡೇ ಬಾಯಿ ತೆರೆದರು. ಮೊದಲ ಚಮಚ ಅರ್ಧ ಚೆಲ್ಲಿತು, ಎರಡನೆಯದು ಒಳಗೆ ಹೋಯಿತು. ಆಮೇಲೆ ಒಂದಾದ ಮೇಲೊಂದು. ಬಟ್ಟಲು ಬರಿದಾಯಿತು.

ಅಪ್ಪ ಖಾಲಿ ಬಟ್ಟಲನ್ನು ನನಗೆ ತೋರಿಸಿದರು. "ಕುಡುದ್ರು ಕಣೆ," ಎಂದರು, ಏನೋ ಪವಾಡ ಕಂಡವರ ಹಾಗೆ.

"ಕುಡೀದೆ ಏನ್ ಮಾಡ್ತಾರೆ?" ಎಂದೆ. "ಇಷ್ಟು ದಿನ ನಿಂಗೆ ಕೈ ಇರ್ಲಿಲ್ವಾ ಅಪ್ಪ?"

ಅಪ್ಪ ಬಟ್ಟಲು ತೊಳೆಯಲು ಹಿತ್ತಲಿಗೆ ಹೋದರು.